ಕೋಶದೊಳಗೇ ದೇಶ ಸುತ್ತಿದವರು

‘ದೇಶ ಸುತ್ತು, ಕೋಶ ಓದು’ ಎಂಬ ಮಾತನ್ನು ಕೇಳದೆ ದೊಡ್ಡವರಾದ ಕನ್ನಡಿಗರು ಇರಲಾರರು. ಕೆಲವರ ಬಾಯಲ್ಲಿ ಅದು ‘ಕೋಶ ಓದು, ದೇಶ ಸುತ್ತು’ ಎಂದು ಹಿಂದುಮುಂದಾಗುತ್ತದೆ. ಇನ್ನು ಕೆಲವರು ನಡುವೆ ಒಂದು ‘ಇಲ್ಲವೇ’ ಸೇರಿಸಿ, ಎರಡರಲ್ಲಿ ಒಂದಾದರೂ ಆಗಲಿ ಎಂದು ರಿಯಾಯಿತಿ ಕೊಡುತ್ತಾರೆ. ಹೇಗೆ ಹೇಳಿದರೂ ಈ ಗಾದೆ ಒಂದನ್ನು ಮೊದಲೇ ನಂಬಿಕೊಂಡಿದೆ: ಹೊರಡುವವನಿಗೆ ಒಂದು ಮನೆಯಿದೆ, ಸುತ್ತಾಟ ಮುಗಿದ ಮೇಲೆ ಅವನು ಬರುವುದು ಅಲ್ಲಿಗೇ. ‘ಸುತ್ತು’ ಎಂಬ ಪದದಲ್ಲೇ ಆ ಮರಳುವಿಕೆ ಇದೆ. ಗುಡಿಗೆ ಸುತ್ತು ಬಂದವರು ಹೊರಟ ಜಾಗಕ್ಕೇ ಬಂದು ಕೈಮುಗಿಯುವುದಿಲ್ಲವೆ?

ಒಮಾನ್‌ನ ಭಾರತೀಯ ಶಾಲೆಗಳಲ್ಲಿ ಹನ್ನೆರಡನೇ ತರಗತಿ ಮುಗಿಸುವ ಕನ್ನಡದ ಮಕ್ಕಳಿಗೆ ಈ ಗಾದೆಯನ್ನು ಹೇಳಹೊರಟರೆ ಅರ್ಥ ಜಾರತೊಡಗುತ್ತದೆ. ಅಕ್ಷರ ಕಲಿಯುವ ಮೊದಲೇ ಅವರು ಕಡಲು ದಾಟಿದ್ದಾರೆ. ಕೆಲವರು ಹುಟ್ಟಿದ್ದೇ ಮಸ್ಕತ್‌ನಲ್ಲಿ. ಅವರ ಪಾಲಿಗೆ ದೇಶ ಯಾವುದು, ಸುತ್ತಾಟ ಎಲ್ಲಿಂದ ಶುರು?

ಕಡಲಾಚೆಯ ಈ ದಾರಿ ಕರಾವಳಿಗೆ ಹೊಸದಲ್ಲ. ಮಂಗಳೂರಿನ ಅಕ್ಕಿ ಶತಮಾನಗಳ ಹಿಂದೆಯೇ ಹಾಯಿಹಡಗು ಹತ್ತಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೂ ಅಲ್ಲಿತ್ತು. ಆದರೆ ಆಗ ಹೋದವರು ವ್ಯಾಪಾರಿಗಳು, ನಾವಿಕರು. ಮಕ್ಕಳನ್ನು ಕರೆದುಕೊಂಡು ಹೋಗಿ ನೆಲೆಸುವ ಕಾಲ ಬಂದದ್ದು 1970ರ ನಂತರ. ಆ ವರ್ಷ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ಒಮಾನ್‌ನಲ್ಲಿದ್ದ ಆಧುನಿಕ ಶಾಲೆಗಳು ಮೂರು, ಓದುತ್ತಿದ್ದ ಹುಡುಗರು ಸುಮಾರು 900. ಐದೇ ವರ್ಷಕ್ಕೆ, 1975ರಲ್ಲಿ, ಇಂಡಿಯನ್ ಸ್ಕೂಲ್ ಮಸ್ಕತ್ ಆರಂಭವಾಯಿತು. ಅದರ ಹಿಂದೆ ನಿಂತವರಲ್ಲಿ ಪ್ರಮುಖರು ಕಛ್ ಮೂಲದ ವರ್ತಕ ಕನಕ್‌ಸಿ ಖೀಮ್‌ಜಿ. ಇಂದು ಸಲಾಲಾದಿಂದ ಸೋಹಾರ್‌ವರೆಗೆ ಅಂಥ ಶಾಲೆಗಳು ಇಪ್ಪತ್ತರಷ್ಟಿವೆ. ಎಲ್ಲವೂ ದೆಹಲಿಯ ಸಿಬಿಎಸ್‌ಇ ಪಠ್ಯದವು.

ಗಾದೆಯ ಎರಡನೆಯ ಪದ ಇಲ್ಲಿ ಕೈಹಿಡಿಯುತ್ತದೆ. ಕೋಶವೆಂದರೆ ಪುಸ್ತಕ, ನಿಘಂಟು, ಬೊಕ್ಕಸ. ರೇಷ್ಮೆಹುಳು ತನ್ನ ಸುತ್ತ ನೇಯ್ದುಕೊಳ್ಳುವ ಗೂಡೂ ಕೋಶವೇ. ಒಮಾನ್‌ನ ಭಾರತೀಯ ಶಾಲೆ ಹೀಗೆ ಪುಸ್ತಕ, ಗೂಡು ಎರಡೂ ಅರ್ಥದಲ್ಲಿ ಕೋಶ. ಒಮಾನಿ ಮಕ್ಕಳು ಓದುವ ಶಾಲೆಗಳು ಬೇರೆ. ಹದಿನೈದು ವರ್ಷ ಆ ನೆಲದಲ್ಲಿ ಬೆಳೆದರೂ ಒಬ್ಬ ಒಮಾನಿ ಗೆಳೆಯನ ಮನೆಯೊಳಗೆ ಕಾಲಿಡದ ಮಕ್ಕಳಿದ್ದಾರೆ. ನಾಲಿಗೆಗೆ ಹತ್ತಿದ ಅರಬ್ಬಿ ‘ಯಲ್ಲಾ’, ‘ಖಲಾಸ್’, ‘ಮಾಫಿ ಮುಷ್ಕಿಲ್’ ದಾಟುವುದು ಕಡಿಮೆ. ಇದು ಕೊರತೆಯೇ, ಮುಚ್ಚಿಡುವಂಥದ್ದಲ್ಲ.

ಆದರೆ ಆ ಗೂಡಿನೊಳಗೆ ಅವರು ಸುತ್ತಿದ ದೇಶವೊಂದಿದೆ. ಅದು ಭಾರತ. ಬೆಂಚಿನ ಒಂದು ಪಕ್ಕ ಕೋಯಿಕ್ಕೋಡಿನವನು, ಇನ್ನೊಂದು ಪಕ್ಕ ತಿರುನೆಲ್ವೇಲಿಯವನು, ಹಿಂದೆ ಹೈದರಾಬಾದಿನವಳು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಕನ್ನಡವೋ ಮಾತಾಡುವ ಹುಡುಗ ಶಾಲಾ ಬಸ್ಸಿನಲ್ಲಿ ಮಲಯಾಳದಲ್ಲೇ ಜಗಳವಾಡುತ್ತಾನೆ, ಮೈದಾನದಲ್ಲಿ ಹಿಂದಿಯಲ್ಲಿ ಕೂಗುತ್ತಾನೆ. ಉಡುಪಿಯಲ್ಲೇ ಓದಿದ್ದರೆ ಇಷ್ಟು ನಾಡುಗಳ ತಿಂಡಿಡಬ್ಬಿ ಅವನ ಮುಂದೆ ತೆರೆದುಕೊಳ್ಳುತ್ತಿರಲಿಲ್ಲ.

ಬೀಳ್ಕೊಡುಗೆಯ ಹೊತ್ತಿಗೆ ಎದ್ದು ಬರುವ ನೆನಪುಗಳೆಲ್ಲ ಈ ಬದುಕಿನವೇ. ಪರೋಟಕ್ಕೆ ಕ್ರೀಮ್ ಚೀಸ್ ಸವರಿ, ಅದರ ಮೇಲೆ ‘ಚಿಪ್ಸ್ ಒಮಾನ್’ ಪೊಟ್ಟಣವನ್ನು ಅಂಗೈಯಲ್ಲಿ ಹಿಸುಕಿ ಪುಡಿ ಮಾಡಿ ಸುರಿದು, ಸುರುಳಿ ಸುತ್ತಿ ತಿನ್ನುವ ತಿಂಡಿ. ಊರಿನ ಅಣ್ಣತಮ್ಮಂದಿರು ಆಡಲು ಹೊರಡುವ ಭಾನುವಾರ ತಾವು ಬ್ಯಾಗು ಹೊತ್ತು ಬಸ್ಸಿಗೆ ಕಾಯುವುದು, ಏಕೆಂದರೆ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. 2013ರ ಮೇ 1ಕ್ಕೆ ಮೊದಲು ಗುರುವಾರ, ಶುಕ್ರವಾರ. ಒಂದು ರಿಯಾಲ್‌ಗೆ ಸಾವಿರ ಬೈಸಾ. ಹಾಗಾಗಿ ಊರಿಗೆ ಬಂದಾಗ ರೂಪಾಯಿಯ ಲೆಕ್ಕದಲ್ಲೂ ಬಿಂದುವಿನ ಮುಂದೆ ಮೂರು ಅಂಕಿ ಬರೆದು ಅಂಗಡಿಯವರನ್ನು ನಗಿಸುವುದು. ‘ಶಾಲೆಗೆ ಒಂಟೆಯ ಮೇಲೆ ಹೋಗ್ತೀಯಾ?’ ಎಂಬ ಪ್ರಶ್ನೆಗೆ ಪ್ರತಿ ರಜೆಯಲ್ಲೂ ಉತ್ತರ ಕೊಡುವುದು. ಸಲಾಲಾದ ಮಕ್ಕಳ ನೆನಪು ಮಾತ್ರ ಸ್ವಲ್ಪ ಬೇರೆ. ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮಾರುತವೇ ಅಲ್ಲಿ ಜಿನುಗುವ ‘ಖರೀಫ್’. ಅದರ ಜೊತೆಗೆ ರಸ್ತೆಬದಿಯ ಎಳನೀರು, ಬಾಳೆಗೊನೆ.

2024, 2025ರಲ್ಲಿ ಬೋರ್ಡ್ ಪರೀಕ್ಷೆಯ ಜೊತೆಗೇ ರಂಜಾನ್ ಬಂತು. ಉಪವಾಸವಿದ್ದೇ ಮೂರು ಗಂಟೆ ಬರೆದ ಮಕ್ಕಳಿದ್ದರು. 2020ರ ತಂಡದ್ದು ಇನ್ನೊಂದು ಕತೆ. ಮಾರ್ಚ್ ಮಧ್ಯದಲ್ಲಿ ಒಮಾನ್ ಶಾಲೆಗಳನ್ನು ಮುಚ್ಚಿತು. ವಿದೇಶದ ಶಾಲೆಗಳಿಗೆ ಉಳಿದ ಪರೀಕ್ಷೆಗಳನ್ನು ನಡೆಸುವುದಿಲ್ಲವೆಂದು ಸಿಬಿಎಸ್‌ಇ ಏಪ್ರಿಲ್‌ನಲ್ಲೇ ಹೇಳಿತು. ಓದಿಟ್ಟ ಕೋಶ ಹಾಗೆಯೇ ಉಳಿಯಿತು.

ಕೊನೆಯ ದಿನ ಸಮವಸ್ತ್ರದ ಅಂಗಿಯ ಮೇಲೆ ಗೆಳೆಯರು ಸಹಿ ಹಾಕುವುದು ಎಲ್ಲೆಡೆ ಇರುವ ಪದ್ಧತಿ. ಮೈಸೂರಿನ ಹುಡುಗನಿಗೆ ಅದು ತಮಾಷೆ. ಬಹಳಷ್ಟು ಗೆಳೆಯರು ಮತ್ತೆ ಅದೇ ಊರಿನ ಬೀದಿಯಲ್ಲಿ ಸಿಗುತ್ತಾರೆ. ಮಸ್ಕತ್‌ನ ಹುಡುಗಿಗೆ ಆ ಅಂಗಿ ದಾಖಲೆ. ಅಪ್ಪನ ಕೆಲಸ ಇರುವವರೆಗಷ್ಟೇ ಕುಟುಂಬಕ್ಕೆ ಅಲ್ಲಿ ನೆಲೆ. ಕೆಲಸ ಮುಗಿದರೆ ಗೆಳೆಯರಾದರೂ ಎಲ್ಲಿ ಸೇರಬೇಕು? ಒಬ್ಬ ಕೊಚ್ಚಿಗೆ, ಒಬ್ಬಳು ಪುಣೆಗೆ, ಮತ್ತೊಬ್ಬ ಕೆನಡಾಕ್ಕೆ. ಮೂವತ್ತು ಕಿಲೊ ಮಿತಿಯ ಪೆಟ್ಟಿಗೆಯಲ್ಲಿ ಒಮಾನಿ ಹಲ್ವದ ಡಬ್ಬಿ, ಸಲಾಲಾದ ಲೋಬಾನ, ಹತ್ತು ಪೊಟ್ಟಣ ಚಿಪ್ಸ್, ತಳದಲ್ಲಿ ತೊಳೆಯದೆ ಮಡಚಿಟ್ಟ ಆ ಅಂಗಿ.

ಕನಸುಗಳಿಗೇನೂ ಕಡಿಮೆಯಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ, ವಿದೇಶದಲ್ಲಿ ಓದಿದವರಿಗೆ ನೇರ ಪ್ರವೇಶ ಕೊಡುವ ‘ಡಾಸಾ’ ಯೋಜನೆಯ ಮೂಲಕ ಸೀಟು ಸಿಗುತ್ತದೆ. ಕೊಲ್ಲಿಯಲ್ಲಿ ದುಡಿಯುವವರ ಮಕ್ಕಳಿಗೆಂದು ಅದರಲ್ಲಿ ಶುಲ್ಕ ಕಡಿಮೆಯಿರುವ ವಿಭಾಗವೇ ಇದೆ. ನೀಟ್ ಬರೆಯಲು ವಿಮಾನ ಹತ್ತಬೇಕಿದ್ದ ಕಷ್ಟ 2022ರಲ್ಲಿ ಮಸ್ಕತ್‌ಗೇ ಪರೀಕ್ಷಾ ಕೇಂದ್ರ ಬಂದಾಗ ತಪ್ಪಿತು. 2024ರಲ್ಲಿ ವಿದೇಶಿ ಕೇಂದ್ರಗಳನ್ನು ಮೊದಲು ಕೈಬಿಟ್ಟಿದ್ದರು, ಪೋಷಕರ ಒತ್ತಾಯದ ಮೇಲೆ ಮತ್ತೆ ಸೇರಿಸಿದರು. ಆದರೆ ಕರ್ನಾಟಕದ ಸಿಇಟಿಯಲ್ಲಿ ಸಾಮಾನ್ಯ ನಿಯಮ ಬೇರೆ: ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ವಿನಾಯಿತಿಗಳಿದ್ದರೂ ಒಂದನೇ ತರಗತಿಯಿಂದ ಹೊರಗೇ ಓದಿದ ಕನ್ನಡದ ಮಗುವಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ದೇಶ ಸುತ್ತು ಎಂದು ಹರಸಿ ಕಳಿಸಿದ ನಾಡು, ಸುತ್ತಿ ಬಂದವರಿಗೆ ಹೊಸಿಲಲ್ಲಿ ದಾಖಲೆ ಕೇಳುವುದು ನ್ಯಾಯವಲ್ಲ. ಈ ನಿಯಮವನ್ನು ಸರ್ಕಾರ ಮತ್ತೊಮ್ಮೆ ನೋಡಬೇಕು.

ಮಳೆಗಾಲ ಕಳೆಯುವ ಮುನ್ನ ಅಂಥ ಒಬ್ಬರು ಮಣಿಪಾಲದಲ್ಲೋ ಮಂಗಳೂರಿನಲ್ಲೋ ನಿಮ್ಮ ಮಕ್ಕಳ ಹಾಸ್ಟೆಲ್ ಕೋಣೆಗೆ ಬಂದು ಸೇರಬಹುದು. ಎನ್‌ಆರ್‌ಐ ಎಂದು ಕರೆದು ದೂರ ಕೂರಿಸಬೇಡಿ. ಮಸ್ಕತ್‌ನಲ್ಲಿ ಯಾವ ಕಡೆ, ರೂವಿಯೋ ದಾರ್ಸೈತೋ ಎಂದು ಕೇಳಿ. ಪೆಟ್ಟಿಗೆಯ ತಳದ ಆ ಅಂಗಿಯನ್ನು ತೆಗೆದು ತೋರಿಸಲು ಹೇಳಿ.