ಅಚೌರ್ಯವೂ ಅಂತರಜಾಲದ ಅಂಗಡಿಯೂ

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಗಿರಾಕಿಯು ಬಟ್ಟೆಯನ್ನು ಮುಟ್ಟಿ ನೋಡಿಯೇ ಹಣ ಕೊಡುತ್ತಾನೆ. ಅಂತರಜಾಲದ ಅಂಗಡಿಯಲ್ಲಿ ಮುಟ್ಟುವಂತಿಲ್ಲ. ಆದುದರಿಂದ ಅಲ್ಲಿ ಅವನು ಬಯಸುವುದು ಮೂರನ್ನು: ಚಿತ್ರದಂತೆಯೇ ಸರಕು, ಮೊದಲು ತೋರಿಸಿದ್ದೇ ಕೊನೆಯ ಬೆಲೆ, ಹಿಂದಿರುಗಿಸಲು ಸುಗಮ ದಾರಿ.

ಹಣ ಕಟ್ಟುವ ಗಳಿಗೆಯಲ್ಲಿ ಹೊಸ ಶುಲ್ಕ ಸೇರಿಸುವ ವರ್ತಕನು, ‘ಗಿರಾಕಿಯೇ ಒಪ್ಪಿದನಲ್ಲ’ ಎನ್ನಬಹುದು. ಹಾಗಾದರೆ ಇದು ಚೌರ್ಯವೇ?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ 5 ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಎಣಿಸುತ್ತದೆ. ಮೊದಲನೆಯದು ಅಳತೆ-ತೂಕಗಳ ಮೋಸ. ಎರಡನೆಯದು ಒಳ್ಳೆಯ ಸರಕಿನ ಹೆಸರಿನಲ್ಲಿ ಕೀಳನ್ನು ಮಾರುವುದು. ತೂಕದಲ್ಲಿ ಕಡಿಮೆ ಕೊಡುವುದಕ್ಕೂ, ಆರಿಸಿ ಆರಿಸಿ ದಣಿದವನಿಗೆ ಕಡೆಯಲ್ಲಿ ಬೆಲೆ ಏರಿಸುವುದಕ್ಕೂ ಭೇದವೇನು? ಆ ಒಪ್ಪಿಗೆ ಅರಿವಿನದಲ್ಲ, ಆಯಾಸದ್ದು.

ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ನಿಷೇಧಿಸಿತು. ಅಂತರಜಾಲದಲ್ಲಿ ವ್ಯಾಪಾರಕ್ಕಿಳಿದಿರುವ ನಮ್ಮ ಯುವಕರು ಯೋಚಿಸಲಿ: ವ್ರತವಿದ್ದ ಶ್ರಾವಕನು ಆ ಆದೇಶಕ್ಕಾಗಿ ಕಾಯಬೇಕಿತ್ತೇ?