ನಾಟ್ಯಗೃಹದ ಋಣ

1915ರಲ್ಲಿ ರಾಜರ್ಷಿ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ, ಖಾಸಬಾಗ ಕುಸ್ತಿಯ ಕಣದ ಮಗ್ಗುಲಲ್ಲಿ, ‘ಪ್ಯಾಲೇಸ್ ಥಿಯೇಟರ್’ ಎಂಬ ನಾಟಕಶಾಲೆಯನ್ನು ಕಟ್ಟಿಸಿದರು. ಮುಂದೆ ಅದಕ್ಕೆ ಆ ಊರಿನವರೇ ಆದ ಗಾಯಕನಟ ಕೇಶವರಾವ ಭೋಸಲೆಯವರ ಹೆಸರು ಬಂದಿತು. 2024ರ ಆಗಸ್ಟ್ 8ರ ರಾತ್ರಿ, ಕೇಶವರಾಯರ ಜಯಂತಿಗೆ ಒಂದೇ ದಿನ ಉಳಿದಿರುವಾಗ, ಅದಕ್ಕೆ ಬೆಂಕಿ ಬಿದ್ದು ಮಾಡು, ರಂಗ, ಆಸನಗಳು ಸುಟ್ಟುಹೋದವು. ಮೊದಲಿದ್ದಂತೆಯೇ ಕಟ್ಟಿಕೊಡುವೆವೆಂದು ಸಾರಿ ಮಹಾರಾಷ್ಟ್ರ ಸರಕಾರವು ಕೋಟಿಗಟ್ಟಲೆ ಹಣವನ್ನು ಘೋಷಿಸಿತು.

ಸೋರುವ ಮಾಡಿನ ಕೆಳಗೆ ಪಾಠ ಹೇಳುವ ಶಿಕ್ಷಕನೊಬ್ಬನು, “ನಾಟಕಶಾಲೆಗೆ ಕೋಟಿ, ಪಾಠಶಾಲೆಗೆ ನಾಲ್ಕು ಹಂಚೂ ಇಲ್ಲವೆ?” ಎಂದು ಕೇಳಿದರೆ ಏನು ಹೇಳಬೇಕು? ಅವನನ್ನು ಅರಸಿಕನೆಂದು ಜರೆಯುವುದು ಅನ್ಯಾಯ. ಅವನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕದಲ್ಲಿ ಈ ಹಣವು ದಾನವೆಂದು ಬರೆಯಲ್ಪಟ್ಟಿದೆ, ಅದು ಋಣವಾಗಿದ್ದರೆ?

ಕೇಶವರಾಯರು ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು ಸ್ಥಾಪಿಸಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಎಂಬುದು ವಿದ್ಯಾರ್ಥಿಗಳಿಗೆ ತಿಳಿದಿರಲಿ. 1921ರ ಜುಲೈಯಲ್ಲಿ ಅವರೂ ಬಾಲಗಂಧರ್ವರೂ, ಎದುರಾಳಿ ಮಂಡಳಿಗಳ ಒಡೆಯರಾಗಿದ್ದೂ, ಮುಂಬಯಿಯಲ್ಲಿ ಒಂದೇ ರಂಗದ ಮೇಲೆ ‘ಮಾನಾಪಮಾನ’ ನಾಟಕವನ್ನಾಡಿ ಅದರ ಉತ್ಪನ್ನವನ್ನು ತಿಲಕ ಸ್ವರಾಜ್ಯ ನಿಧಿಗೆ ಅರ್ಪಿಸಿದರು. ಅದೇ ಅಕ್ಟೋಬರಿನಲ್ಲಿ ಕೇಶವರಾಯರು ತೀರಿಕೊಂಡರು, ವಯಸ್ಸು ಮೂವತ್ತೊಂದು. ನಾಡು ಬಡವಾಗಿದ್ದಾಗ ನಟರು ನಾಡಿಗೆ ಕೊಟ್ಟರು. ಇಂದು ನಾಡು ಕೊಡುವುದರಲ್ಲಿ ಔದಾರ್ಯವೇನೂ ಇಲ್ಲ.

ಆದರೆ ಸಲ್ಲಿಸುವುದು ಯಾರಿಗೆ? ಕೇಶವರಾಯರಿಲ್ಲ, ಕಲ್ಲುಮರಗಳು ಸಾಲ ಕೊಟ್ಟವಲ್ಲ. ಕೆಲವರು ಕಂಬಕಮಾನುಗಳು ಕೂದಲೆಳೆಯಷ್ಟೂ ಬದಲಾಗಬಾರದೆಂದು ವಾದಿಸುತ್ತಾರೆ. ಇರಲಿ, ಆದರೆ ವಿದ್ಯುತ್ತಿನ ತಂತಿಯೂ ಬೆಂಕಿ ಆರಿಸುವ ನೀರಿನ ಏರ್ಪಾಡೂ 1915ರವಾಗಿರಬೇಕೆಂದು ಯಾರೂ ಹಟ ಹಿಡಿಯಲಾರರಷ್ಟೆ! ನನಗೆ ತೋರುವಂತೆ ಕೇಶವರಾಯರ ವಾರಸುದಾರನು ಇಂದಿನ ನಟ. ಅದರಲ್ಲಿಯೂ ಕೈಯಲ್ಲಿ ಕಾಸಿಲ್ಲದ ಹವ್ಯಾಸಿ ತಂಡದವನು. ಹೊಸ ರಂಗದ ಬಾಡಿಗೆಯನ್ನು ಕೇಳಿಯೇ ಅವನು ಬಾಗಿಲಿನಿಂದ ಹಿಂದಿರುಗುವಂತಾದರೆ, ಹಣ ವೆಚ್ಚವಾಯಿತು, ಋಣ ಹಾಗೆಯೇ ಉಳಿಯಿತು. ಕಟ್ಟಡಕ್ಕೆ ಹಣ ಒದಗಿಸುವವರು ಬಾಡಿಗೆಯ ಪಟ್ಟಿಯನ್ನೂ ಅದೇ ದಿನ ನಿಶ್ಚಯಿಸಬೇಕು. ಅದನ್ನು ಆಮೇಲಿನ ಗುತ್ತಿಗೆದಾರನಿಗೆ ಬಿಡುವುದು ಕೊಟ್ಟ ಕೈಯಿಂದಲೇ ಕಸಿದಂತೆ.

ಇನ್ನೊಂದು ಕೋರಿಕೆ: ವರುಷದಲ್ಲಿ ಕೆಲವು ಹಗಲು ಆ ರಂಗವು ಶಾಲೆಯ ಮಕ್ಕಳಿಗೆ ಬಾಡಿಗೆಯಿಲ್ಲದೆ ದೊರೆಯಲಿ, ಮರಾಠಿ ಶಾಲೆಯಾಗಲಿ ಕನ್ನಡ ಶಾಲೆಯಾಗಲಿ. ಆಗ ಹಂಚಿನ ಮಾತೆತ್ತಿದ ಆ ಶಿಕ್ಷಕನ ಮುಂದೆ ನಾನು ತಲೆಯೆತ್ತಿ ನಿಲ್ಲಬಲ್ಲೆ. ಅವನ ಹಂಚು ಮಾತ್ರ ಆಗಲೂ ಬರಬೇಕಾದದ್ದೇ.