ದಂಡ ಹಿಡಿದವರ ಸಾಲ

ಸಿಂಧನೂರಿನ ಸುಕಾಲಪೇಟೆಯಲ್ಲಿ 2020ರ ಜುಲೈ ತಿಂಗಳಲ್ಲಿ ಒಂದೇ ಮನೆಯವರ ಹೆಣಗಳು ಬಿದ್ದವು. ಹುಡುಗಿ ತನ್ನವರ ಮಾತು ಮೀರಿ ಮೆಚ್ಚಿದವನನ್ನು ಮದುವೆಯಾದಳೆಂಬ ಸಿಟ್ಟು ಹುಡುಗನ ಮನೆಯವರ ಮೇಲೆ ತಿರುಗಿತ್ತು. 2025ರ ಏಪ್ರಿಲ್‌ನಲ್ಲಿ ಸಿಂಧನೂರಿನ ನ್ಯಾಯಾಲಯ ಮೂವರಿಗೆ ಗಲ್ಲು, ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ತೀರ್ಪು ಬಂದಾಗಲೆಲ್ಲ ನಾವು ಎರಡು ಮಾತು ಒಟ್ಟಿಗೇ ಆಡುತ್ತೇವೆ: ನೊಂದವರಿಗೆ ನ್ಯಾಯ ಸಿಕ್ಕಿತು, ಇನ್ನು ಮುಂದೆ ಹೀಗೆ ಮಾಡಲು ಜನ ಹೆದರುತ್ತಾರೆ. ಎರಡೂ ಶಿಕ್ಷೆಯ ತೂಕದಿಂದಲೇ ಆಗುವ ಕೆಲಸ ಎಂದು ನಂಬಿರುವುದರಿಂದ, ಕಾನೂನು ತಿದ್ದುವ ಮಾತು ಬಂದರೂ ಚರ್ಚೆ ಶಿಕ್ಷೆಯ ಪ್ರಮಾಣದ ಸುತ್ತಲೇ ತಿರುಗುತ್ತದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ದಂಡಿಸುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು, ಆ ಹಕ್ಕಿನ ಜೊತೆಗೆ ಅದರ ಹೆಗಲೇರಿದ ಹೊಣೆ ಯಾವುದು?

ಮರ್ಯಾದೆಯ ಹೆಸರಿನಲ್ಲಿ ಕೊಲ್ಲುವವನು ತನ್ನನ್ನು ಅಪರಾಧಿ ಎಂದುಕೊಂಡಿರುವುದಿಲ್ಲ. ಅನ್ಯಾಯವಾದದ್ದು ತನಗೆ, ಮಾನ ಹೋದದ್ದು ತನ್ನ ಮನೆಯದು, ಹಾಗಾಗಿ ದಂಡಿಸುವ ಅಧಿಕಾರ ತನ್ನದೇ ಎಂದು ಅವನು ನಂಬಿರುತ್ತಾನೆ. ನೋವೊಂದೇ ದಂಡಿಸುವ ಹಕ್ಕನ್ನು ಕೊಡುವುದಾದರೆ ಅವನ ವಾದವನ್ನು ತಳ್ಳಿಹಾಕುವುದು ಕಷ್ಟ. ಆದ್ದರಿಂದಲೇ ನಾಗರಿಕ ಸಮಾಜ ನಿಜವಾಗಿ ನೊಂದವನ ಕೈಯಿಂದಲೂ ಮಚ್ಚು ಕಸಿದುಕೊಂಡು, ಇನ್ನು ಮುಂದೆ ತೂಗಿ ನೋಡುವವರು ನಾವು ಎಂದಿದೆ. ಹೀಗೆ ಕಸಿದುಕೊಂಡದ್ದು ಸರಿಯೇ. ಆದರೆ ಸೇಡಿನ ದಾರಿ ಮುಚ್ಚಿದ ಮೇಲೆ ನೊಂದವನು ಬರಿಗೈಲಿ ನಿಲ್ಲುತ್ತಾನೆ. ಅವನಿಗೆ ಕಾವಲು, ಅವನ ಮಾತಿಗೆ ಕಿವಿ, ಮುರಿದ ಬದುಕಿಗೆ ಆಸರೆ ಕೊಡುವುದು ಸರ್ಕಾರ ತೀರಿಸಬೇಕಾದ ಸಾಲ. ಅದನ್ನು ದಯೆ ಎಂದು ಕರೆಯಲಾಗದು.

ಸಿಂಧನೂರಿನ ಈ ಸೀಮೆಗೆ ಇದು ಹೊಸ ಚಿಂತೆಯಲ್ಲ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನ ‘ದೇವಾನಾಂಪ್ರಿಯ’ನು ಅಶೋಕನೇ ಎಂದು ಹೆಸರಿಟ್ಟು ಹೇಳುತ್ತದೆ, ಧರ್ಮದ ಹಾದಿ ದೊಡ್ಡವರ ಸೊತ್ತಲ್ಲ, ಸಣ್ಣವನೂ ಅದರಿಂದ ಮೇಲೇರಬಲ್ಲ ಎಂದು ಸಾರುತ್ತದೆ. ಅದೇ ಅರಸ ಕಳಿಂಗದ ಸಾವುನೋವಿಗೆ ಮರುಗಿದ ಹದಿಮೂರನೆಯ ಬಂಡೆಶಾಸನದಲ್ಲಿ, ಕ್ಷಮಿಸಬಹುದಾದದ್ದನ್ನು ಕ್ಷಮಿಸುವೆನೆಂದ; ಹಾಗೆಯೇ ಅಡವಿಯ ಜನರಿಗೆ, ಮರುಗಿದರೂ ದಂಡಿಸುವ ಬಲ ತನ್ನಲ್ಲಿದೆ ಎಂದು ಎಚ್ಚರಿಸಿದ. ನಾಲ್ಕನೆಯ ಸ್ತಂಭಶಾಸನದಲ್ಲಿ ವಿಚಾರಣೆಯಲ್ಲೂ ದಂಡದಲ್ಲೂ ಸಮತೆ ಇರಲೆಂದು ಬಯಸಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನದ ಗಡುವು ಕೊಟ್ಟ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಆ ಶಾಸನದಲ್ಲೂ ಕೊಲೆಯಾದವನ ಮನೆಯವರಿಗೆ ಏನು ಸಲ್ಲಬೇಕೆಂಬ ಮಾತಿಲ್ಲ. ಅದಕ್ಕೆ ಹತ್ತಿರದ ಮಾತು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ: ಕಳ್ಳರು ಒಯ್ದ ಸೊತ್ತನ್ನು ಅರಸ ಪ್ರಜೆಗೆ ತುಂಬಿಕೊಡಬೇಕು. ಆ ಸ್ಮೃತಿಗೆ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು. ಜಾತಿ ನೋಡಿ ದಂಡ ಅಳೆದ ಸ್ಮೃತಿಗಳನ್ನು ಇಡಿಯಾಗಿ ಒಪ್ಪಲಾಗದು, ಒಪ್ಪಲೂ ಬಾರದು. ಆದರೆ ಕಾಯುವೆನೆಂದು ಒಪ್ಪಿಕೊಂಡವನು ಕಾಯದೆ ಹೋದರೆ ತೆರಬೇಕೆಂಬ ಈ ಸೂತ್ರಕ್ಕೆ ಅಶೋಕನ ಸಮತೆಯನ್ನು ಕೂಡಿಸಿದರೆ ಇಂದಿಗೂ ಸಲ್ಲುವ ನ್ಯಾಯದ ತಳಹದಿ ಸಿಗುತ್ತದೆ.

ಈಗಿನ ಕಾನೂನು ಈ ಸಾಲವನ್ನು ತಡವಾಗಿ ಒಪ್ಪಿಕೊಂಡಿದೆ. ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ, ನೊಂದವರು ಬರೀ ಸಾಕ್ಷಿಗಳಾಗಿ ಉಳಿಯದೆ ಮೊಕದ್ದಮೆಯಲ್ಲಿ ಪಾಲುದಾರರಾಗಬೇಕೆಂದಿತು. 2009ರ ತಿದ್ದುಪಡಿ ಅವರಿಗೆ ಮೇಲ್ಮನವಿಯ ಹಕ್ಕನ್ನೂ ಪರಿಹಾರ ಯೋಜನೆಯನ್ನೂ ತಂದಿತು. ಸಾಕ್ಷಿಗಳ ರಕ್ಷಣೆಯ ಯೋಜನೆಗೆ 2018ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನಗಳೊಳಗೆ ನೊಂದವರಿಗೆ ತಿಳಿಸಬೇಕು. ಆದರೆ ಕಾಗದದ ಮೇಲಿನ ಹಕ್ಕಿಗೂ ಊರಿನ ಬದುಕಿಗೂ ನಡುವೆ ದೂರವಿದೆ. ಸಿಂಧನೂರಿಗೆ ಹತ್ತಿರದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹತ್ತು ವರ್ಷ ಎಂದರೇನು? ಸಾಕ್ಷಿ ಹೇಳಬೇಕಾದವರು ಕೂಲಿಗೆ ಹೋಗಬೇಕಾದದ್ದು ಎದುರು ಪಾರ್ಟಿಯವರ ಗದ್ದೆಗೇ ಇರಬಹುದು. ತಾರೀಖು ಬಿದ್ದ ದಿನ ನಾಟಿಯ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಹೊಂದಿಸಿ ಬಂದರೆ, ಕೋರ್ಟಿನ ಪಡಸಾಲೆಯಲ್ಲಿ ಆರೋಪಿಯ ಕಡೆಯವರ ಪಕ್ಕದಲ್ಲೇ ಕೂರಬೇಕು. ಸಂಜೆ ಊರಿಗೆ ಮರಳಿದರೆ ಹಿರಿಯರು ರಾಜಿ ಮಾಡಿಕೊಳ್ಳಿ ಎನ್ನುತ್ತಾರೆ. ಸಾಕ್ಷಿ ತಿರುಗಿಬೀಳುವುದು ಇಂಥ ದಿನಗಳಲ್ಲಿ.

ನೊಂದವರಿಗೆ ಇಷ್ಟು ಜಾಗ ಕೊಟ್ಟರೆ ಆರೋಪಿಗೆ ನ್ಯಾಯ ತಪ್ಪುತ್ತದೆ, ಕೋರ್ಟು ಕಣ್ಣೀರಿಗೆ ಸೋಲುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಮಳಿಮಠ ಸಮಿತಿಯೇ ಅಪರಾಧ ಸಾಬೀತಿನ ಮಟ್ಟವನ್ನು ತುಸು ಸಡಿಲಿಸಲು ಹೇಳಿ ಟೀಕೆಗೆ ಒಳಗಾಯಿತು. ಆ ಟೀಕೆ ನ್ಯಾಯವಾದದ್ದು. ಮಾಡಿದವನು ಇವನೇ ಹೌದೇ ಎಂಬುದನ್ನು ಪುರಾವೆಯೊಂದೇ ನಿರ್ಧರಿಸಬೇಕು. ತಪ್ಪಿಲ್ಲದವನು ಜೈಲಿಗೆ ಹೋದರೆ ತಪ್ಪಿತಸ್ಥ ಊರಲ್ಲೇ ಓಡಾಡಿಕೊಂಡಿರುತ್ತಾನೆ, ನೊಂದವರಿಗೆ ಎರಡನೆಯ ಸಲ ಮೋಸವಾಗುತ್ತದೆ. ಆದರೆ ಜಾಮೀನಿನ ಅರ್ಜಿ ಬಂದಾಗ ಬೆದರಿಕೆ ಇದೆಯೇ ಎಂದು ನೊಂದವರನ್ನು ಕೇಳುವುದರಿಂದ, ಸಾಕ್ಷಿಗೆ ಬೇರೆ ಕೋಣೆ ಕೊಡುವುದರಿಂದ, ಕೂಲಿ ನಷ್ಟ ತುಂಬುವುದರಿಂದ ಆರೋಪಿಯ ಯಾವ ಹಕ್ಕೂ ಕುಂದದು. ಲಖೀಂಪುರ ಖೇರಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯ ಜಾಮೀನು ರದ್ದು ಮಾಡಿ, ನೊಂದವರ ಮಾತನ್ನು ಪ್ರತಿ ಹಂತದಲ್ಲೂ ಕೇಳಬೇಕೆಂದದ್ದು ಈ ಅರ್ಥದಲ್ಲಿಯೇ.

ಇನ್ನೊಂದು ಆಕ್ಷೇಪ: ಗಲ್ಲಿನ ಭಯವಿಲ್ಲದೆ ಇಂಥವರು ಬಗ್ಗುವುದಿಲ್ಲ. ಆದರೆ ಮರ್ಯಾದೆಗಾಗಿ ಕೊಲ್ಲುವವನಿಗೆ ಧೈರ್ಯ ಬರುವುದು ಊರು ತನ್ನ ಕಡೆ ನಿಲ್ಲುತ್ತದೆ, ಯಾರೂ ಸಾಕ್ಷಿ ಹೇಳುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆ ಒಡೆಯದಿದ್ದರೆ ಶಿಕ್ಷೆ ಎಷ್ಟು ಘೋರವಾಗಿದ್ದರೂ ಅವನಿಗೆ ತಟ್ಟದು. ಜೀವಾವಧಿಗಿಂತ ಮರಣದಂಡನೆ ಅಪರಾಧವನ್ನು ಹೆಚ್ಚು ತಡೆಯುತ್ತದೆ ಎನ್ನಲು ಆಧಾರವಿಲ್ಲವೆಂದು ಕಾನೂನು ಆಯೋಗದ 2015ರ 262ನೆಯ ವರದಿಯೂ ಹೇಳಿತು. ಮರ್ಯಾದೆಯ ಹೆಸರಿನ ಕೊಲೆಗಳ ಕುರಿತ ಶಕ್ತಿವಾಹಿನಿ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಬೇರೆಯದನ್ನೇ ಕೇಳಿತು: ಬೆದರಿಕೆ ಇರುವ ಜೋಡಿಗಳಿಗೆ ಸುರಕ್ಷಿತ ಮನೆ, ಜಿಲ್ಲೆಗಳಲ್ಲಿ ವಿಶೇಷ ಘಟಕ, ದೂರು ಬಂದ ಕೂಡಲೇ ಕಾವಲು. ಇವು ಜೀವ ಹೋಗುವ ಮೊದಲು ಆಗಬೇಕಾದ ಕೆಲಸ.

ಇಲ್ಲಿ ನೊಂದವರ ಹಕ್ಕು ಮತ್ತು ಸಾರ್ವಜನಿಕರ ಸುರಕ್ಷತೆ ಒಂದೇ ದಾರಿಗೆ ಬರುತ್ತವೆ. ಕಾವಲು ಸಿಕ್ಕ ಸಾಕ್ಷಿ ನಿಜ ಹೇಳುತ್ತಾನೆ, ನಿಜ ಹೊರಬಂದರೆ ಶಿಕ್ಷೆ ತಪ್ಪದೆ ಆಗುತ್ತದೆ, ತಪ್ಪದ ಶಿಕ್ಷೆಗೆ ಜನ ಅಂಜುತ್ತಾರೆ. ಆದ್ದರಿಂದ ಸುಧಾರಣೆಯನ್ನು ಅಳೆಯಬೇಕಾದದ್ದು ತಾಲ್ಲೂಕುಗಳಲ್ಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಠಾಣೆಗಳಲ್ಲಿ ಬೆದರಿಕೆಯ ದೂರಿಗೆ ಅಂದೇ ಕಾವಲು ಸಿಗುತ್ತದೆಯೇ, ಪರಿಹಾರದ ಅರ್ಜಿ ಬರೆಯಲು ತಾಲ್ಲೂಕು ಕಾನೂನು ಸೇವಾ ಸಮಿತಿ ಕೈಹಿಡಿಯುತ್ತದೆಯೇ, ಬಡವನ ಮೊಕದ್ದಮೆ ಅವನ ಸಾಕ್ಷಿಗಳು ಬದುಕಿರುವಾಗಲೇ ಮುಗಿಯುತ್ತದೆಯೇ ಎಂದು ನಾವು ಕೇಳಬೇಕು. ಈ ಸಾಲ ತೀರಿಸದೆ ಗಲ್ಲು ಬಿಗಿಸುವ ಸರ್ಕಾರ ಸೇಡನ್ನು ನೊಂದವರ ಕೈಯಿಂದ ತನ್ನ ಕೈಗೆ ವರ್ಗಾಯಿಸಿಕೊಂಡಿದೆ, ಅಷ್ಟೆ. ಅದು ಧರ್ಮವಾಗಲಾರದು.